ಹಬ್ಬದೂಟ: ಸಂಯಮಕ್ಕೆ ಮೊದಲು ಅಳತೆ

ಮಾನ್ಯ ಸಂಪಾದಕರೇ,

ಹಬ್ಬ ಹತ್ತಿರವಾಯಿತೆಂದರೆ ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಅವೇ ಸಲಹೆಗಳು ಕಾಣಿಸಿಕೊಳ್ಳುತ್ತವೆ. ಮಿತವಾಗಿ ತಿನ್ನಿ, ಸಿಹಿ ಕಡಿಮೆ ಮಾಡಿ, ಕರಿದದ್ದು ಬೇಡ ಎನ್ನಿ. ಎಲ್ಲವೂ ತಟ್ಟೆಯ ಮುಂದೆ ಕೂತವರಿಗೆ ಹೇಳುವ ಮಾತು. ಹತ್ತು ಜನರಿರುವ ಮನೆಯಲ್ಲಿ ಹದಿನೆಂಟು ಜನರ ಅಡುಗೆ ಆಗಿಹೋದ ಮೇಲೆ ಈ ಮಾತು ಯಾರ ಪ್ರಯೋಜನಕ್ಕೂ ಬರುವುದಿಲ್ಲ. ಅಷ್ಟು ಅಡುಗೆಯನ್ನು ಯಾರಾದರೂ ತಿನ್ನಲೇಬೇಕು, ಇಲ್ಲವೇ ನಾಲ್ಕು ದಿನ ಬಿಸಿ ಮಾಡಿ ಮಾಡಿ ಮುಗಿಸಬೇಕು. ಹಬ್ಬದೂಟ ಹಗುರಾಗುವುದೋ ಭಾರವಾಗುವುದೋ ಎಂಬುದು ಹಿಂದಿನ ಸಂಜೆ ಅಕ್ಕಿ ಅಳೆಯುವಾಗಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಆದ್ದರಿಂದ ಈ ಪತ್ರ ಮುಖ್ಯವಾಗಿ ಅಡುಗೆ ಮಾಡುವವರಿಗೆ, ಅಡುಗೆಯ ಪಟ್ಟಿ ಬರೆಯುವವರಿಗೆ.

ತಪ್ಪುವುದು ಎಲ್ಲಿ ಎಂದರೆ, ಪ್ರತಿಯೊಂದು ಪದಾರ್ಥವನ್ನೂ ಆ ದಿನದ ಏಕೈಕ ಪದಾರ್ಥ ಎಂಬಂತೆ ಅಳೆಯುವುದರಲ್ಲಿ. ದಿನನಿತ್ಯ ಒಂದೇ ಪಲ್ಯ ಮಾಡುವಾಗ ಒಬ್ಬರಿಗೆ 150 ಗ್ರಾಂ ತರಕಾರಿ ಸರಿ. ಹಬ್ಬಕ್ಕೆ ಮೂರು ಬಗೆ ಮಾಡಿ ಮೂರಕ್ಕೂ ಅದೇ 150 ಗ್ರಾಂ ಹಿಡಿದರೆ ಮೂರು ಪಟ್ಟಾಯಿತು. ಬಗೆ ಹೆಚ್ಚಿದಷ್ಟೂ ಒಂದೊಂದರ ಪ್ರಮಾಣ ಇಳಿಯಬೇಕು. ವಯಸ್ಕರೊಬ್ಬರ ಹೊಟ್ಟೆ ಹಾಯಾಗಿ ಹಿಡಿಯುವುದು ಕುಡಿಯುವ ನೀರೂ ಸೇರಿ ಸುಮಾರು ಒಂದು ಲೀಟರ್. ಬೆಂದ ಅಡುಗೆಯ ಲೆಕ್ಕದಲ್ಲಿ ತಲಾ 650ರಿಂದ 700 ಗ್ರಾಂ ಇಟ್ಟುಕೊಂಡರೆ ಹಬ್ಬದ ಊಟಕ್ಕೂ ಅದು ಕೈಬಿಚ್ಚಿದ ಅಳತೆಯೇ.

ಇದನ್ನು ಹಂಚುವುದು ಹೀಗೆ: ಅಕ್ಕಿ ಅಥವಾ ಬೇರೆ ಧಾನ್ಯ ಹಸಿಯಾಗಿ ತಲಾ 80 ಗ್ರಾಂ, ಬೆಂದ ಮೇಲೆ ಅದು 200ರಿಂದ 240 ಗ್ರಾಂ ಆಗುತ್ತದೆ. ಬೇಳೆಕಾಳು ಒಣ ತೂಕದಲ್ಲಿ 30 ಗ್ರಾಂ. ತರಕಾರಿ ಎಷ್ಟೇ ಬಗೆ ಇರಲಿ, ಎಲ್ಲ ಸೇರಿ 150 ಗ್ರಾಂ. ಸಿಹಿ ಎಲ್ಲ ಸೇರಿ 60 ಗ್ರಾಂ, ಎರಡು ಸಿಹಿ ಮಾಡಿದರೆ ಒಂದೊಂದು ಮೂವತ್ತು. ಕರಿದದ್ದು 40 ಗ್ರಾಂ. ಹತ್ತು ವರ್ಷದೊಳಗಿನ ಮಕ್ಕಳನ್ನು ಅರ್ಧ, ತೀರ ವಯಸ್ಸಾದವರನ್ನು ಮುಕ್ಕಾಲು ಎಂದು ಎಣಿಸಿ. 'ಕಡಿಮೆ ಬಿದ್ದರೆ ಮರ್ಯಾದೆ ಪ್ರಶ್ನೆ' ಎಂಬ ಭಯಕ್ಕೂ ಉಪಾಯವಿದೆ. ಎಲ್ಲ ಪದಾರ್ಥಕ್ಕೂ ಒಂದಿಷ್ಟು ಜಾಸ್ತಿ ಹಾಕುವ ಬದಲು ಧಾನ್ಯವನ್ನು ಮಾತ್ರ ಇನ್ನೊಂದು ಸಲಕ್ಕೆ ಅಳೆದು ಹಸಿಯಾಗಿಯೇ ಇಟ್ಟುಕೊಳ್ಳಿ. ಬೇಕಾದರೆ ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಬೇಯುತ್ತದೆ, ಬೇಡವಾದರೆ ಡಬ್ಬಕ್ಕೆ ವಾಪಸ್ಸು.

ಬಗೆ ಹೆಚ್ಚಾದರೆ ತಿನ್ನುವುದೂ ಹೆಚ್ಚುತ್ತದೆ ಎಂಬುದು ಆಹಾರ ವಿಜ್ಞಾನದಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ. ಒಂದೇ ರುಚಿಯನ್ನು ತಿನ್ನುತ್ತಾ ಹೋದರೆ ಆ ರುಚಿಯ ಮೇಲಿನ ಆಸೆ ತಗ್ಗುತ್ತದೆ, ಬೇರೆ ರುಚಿಯ ಮೇಲಿನದು ಹಾಗೇ ಉಳಿದಿರುತ್ತದೆ. ಹೊಟ್ಟೆ ಬಿರಿದಿದ್ದರೂ ಸಿಹಿಗೆ ಜಾಗ ಸಿಗುವುದು ಇದೇ ಕಾರಣಕ್ಕೆ. ಹನ್ನೆರಡು ಬಗೆ ಮುಂದಿಟ್ಟು ಸಂಯಮದ ಪಾಠ ಹೇಳುವುದಕ್ಕಿಂತ ಏಳು ಬಗೆಗೆ ನಿಲ್ಲಿಸುವುದು ಸುಲಭ, ಅಡುಗೆಯವರ ಬೆನ್ನಿಗೂ ಒಳ್ಳೆಯದು.

ಇಲ್ಲಿ ಪತ್ರಿಕೆಗೊಂದು ವಿನಂತಿ. ಹಬ್ಬದ ಪುರವಣಿಯಲ್ಲಿ ಅಚ್ಚಾಗುವ ಪಾಕವಿಧಾನಗಳಲ್ಲಿ 'ಸಕ್ಕರೆ ಎರಡು ಕಪ್, ತುಪ್ಪ ಒಂದು ಕಪ್' ಎಂದಿರುತ್ತದೆ, ಅದು ಎಷ್ಟು ಜನರಿಗೆ ಎಂದು ಮಾತ್ರ ಇರುವುದಿಲ್ಲ. ಮುಗಿದಾಗ ತೂಕ ಎಷ್ಟು, ಎಷ್ಟು ತುಂಡು, ಹೊರಗಿಟ್ಟರೆ ಎಷ್ಟು ಗಂಟೆ ಕೆಡದೆ ಇರುತ್ತದೆ ಎಂಬ ಮೂರು ಸಾಲು ಸೇರಿಸಿದರೆ ಓದುಗರಿಗೆ ಹತ್ತು ಆರೋಗ್ಯ ಲೇಖನಗಳಿಗಿಂತ ಹೆಚ್ಚು ಉಪಕಾರವಾದೀತು.

ಇನ್ನು ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸ ಇವುಗಳಿಂದ ಬರುವ ಸಕ್ಕರೆ ದಿನದ ಶಕ್ತಿಯ ಶೇ 10ರೊಳಗಿರಬೇಕು, ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಉತ್ತಮ. 2,000 ಕ್ಯಾಲರಿ ಬೇಕಾದವರಿಗೆ ಶೇ 5 ಎಂದರೆ 25 ಗ್ರಾಂ, ಅಂದಾಜು ಆರು ಸಣ್ಣ ಚಮಚ. ಮೇಲೆ ಹೇಳಿದ 60 ಗ್ರಾಂ ಸಿಹಿಯಲ್ಲಿ ಶೇ 40 ಸಕ್ಕರೆ ಇದ್ದರೂ 24 ಗ್ರಾಂ ಆಯಿತು. ಅಂದರೆ ಹಬ್ಬದ ಸಿಹಿಯನ್ನು ತಿಂದೂ ಕಟ್ಟುನಿಟ್ಟಿನ ಮಿತಿಯೊಳಗೇ ಇರಬಹುದು! ಲೆಕ್ಕ ತಪ್ಪಿಸುವುದು ಅತಿಥಿ ಬಂದ ಕೂಡಲೇ ಕೈಗೆ ಕೊಡುವ ಲೋಟ. ನೂರು ಮಿಲಿಗೆ ಹತ್ತು ಗ್ರಾಂ ಸಕ್ಕರೆಯಿರುವ ತಂಪು ಪಾನೀಯ 250 ಮಿಲಿ ಕುಡಿದರೆ ಆ 25 ಗ್ರಾಂ ಅಲ್ಲಿಗೇ ಮುಗಿಯಿತು, ಹೊಟ್ಟೆ ತುಂಬಿದ ಭಾವವೂ ಬರುವುದಿಲ್ಲ. ಊಟದ ದಿನ ಕುಡಿಯಲು ನೀರು ಕೊಡಿ, ಸಿಹಿಯನ್ನು ತಟ್ಟೆಗೆ ಮೀಸಲಿಡಿ. ಊಟದ ನಡುವೆ ನೀರು ಕುಡಿದರೆ ಜೀರ್ಣರಸ ತೆಳುವಾಗಿ ಪಚನ ಕೆಡುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಸಿಹಿಯಲ್ಲೇ ಸಕ್ಕರೆ ಕಡಿಮೆ ಮಾಡುವೆನೆಂಬವರು ಮೊದಲು ಯಾವ ಸಿಹಿ ಎಂದು ನೋಡಬೇಕು. ಹಾಲಿನಲ್ಲಿ ಬೇಯಿಸಿದ್ದು, ಧಾನ್ಯ ಬೇಯಿಸಿ ಕಲಸಿದ್ದು, ಹಣ್ಣಿನದು ಇವುಗಳಲ್ಲಿ ಸಕ್ಕರೆಯ ಕೆಲಸ ರುಚಿ ಮಾತ್ರ. ಕಾಲು ಭಾಗ ತೆಗೆದರೆ ಹೆಚ್ಚಿನವರಿಗೆ ಗೊತ್ತೂ ಆಗುವುದಿಲ್ಲ. ಎಳೆಪಾಕ ಹಿಡಿದು ಮಾಡುವ ಸಿಹಿಯಲ್ಲಿ ಸಕ್ಕರೆಯೇ ಕಟ್ಟುವ ವಸ್ತು. ಅಲ್ಲಿ ಕಾಲು ಭಾಗ ತೆಗೆದರೆ ಗಟ್ಟಿಯಾಗದೆ ಹಿಟ್ಟಿನಂತೆ ಉದುರುತ್ತದೆ ಇಲ್ಲವೇ ಜಿಗುಟಾಗಿ ನಿಲ್ಲುತ್ತದೆ. ಅಂಥದ್ದನ್ನು ಅದರ ಅಳತೆಯಲ್ಲೇ ಮಾಡಿ ತುಂಡನ್ನು ಚಿಕ್ಕದಾಗಿ ಕತ್ತರಿಸಬೇಕು, 50 ಗ್ರಾಂನ ಬದಲು 25. ಬಿಸಿಯಾಗಿ ಬಡಿಸಿದ ಸಿಹಿ ಅದೇ ಸಕ್ಕರೆಯಲ್ಲಿ ಹೆಚ್ಚು ಸಿಹಿ ಎನಿಸುತ್ತದೆ, ತಣ್ಣಗಾದರೆ ನಾಲಿಗೆಗೆ ಮಂಕು. ಸಕ್ಕರೆ ತಗ್ಗಿಸಿದ ಸಿಹಿಯನ್ನು ಫ್ರಿಜ್‌ನಿಂದ ನೇರವಾಗಿ ಬಡಿಸಿ 'ಸಪ್ಪೆ' ಅನ್ನಿಸಿಕೊಳ್ಳುವುದು ಇದು ತಿಳಿಯದೆ. ಬೆಲ್ಲ, ಜೇನು, ಖರ್ಜೂರದ ಪಾಕ ಹಾಕಿದ ಮಾತ್ರಕ್ಕೆ ಅದು ಸಕ್ಕರೆರಹಿತ ಆಗುವುದಿಲ್ಲ. ರಕ್ತಕ್ಕೆ ಸೇರುವಾಗ ಅವೆಲ್ಲ ಒಂದೇ ಜಾತಿ.

ಕರಿಯುವುದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಎಣ್ಣೆ ಗ್ರಾಂಗೆ 9 ಕ್ಯಾಲರಿ, ಪಿಷ್ಟ ಮತ್ತು ಪ್ರೋಟೀನ್ ಗ್ರಾಂಗೆ 4. ದೊಡ್ಡ ಚಮಚ ಎಣ್ಣೆಗೆ ಸುಮಾರು 120 ಕ್ಯಾಲರಿ. ಅದೇ ಹಿಟ್ಟು, ಅದೇ ಎಣ್ಣೆ, ಆದರೂ ಒಬ್ಬರು ಕರಿದದ್ದು ಹಗುರ, ಇನ್ನೊಬ್ಬರದು ಹಿಂಡಿದರೆ ತೊಟ್ಟಿಕ್ಕುವಂತಿರುತ್ತದೆ. ವ್ಯತ್ಯಾಸ ಶಾಖದ್ದು. ಎಣ್ಣೆ 175ರಿಂದ 185 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಹೊರಪದರ ಬೇಗ ಗಟ್ಟಿಯಾಗುತ್ತದೆ. ಬಾಣಲೆ ತುಂಬ ಒಮ್ಮೆಲೇ ಹಾಕಿದರೆ ಶಾಖ ದಿಢೀರನೆ ಇಳಿದು, ಬೇಯಲು ಎರಡು ಪಟ್ಟು ಹೊತ್ತು ಹಿಡಿದು, ಅಷ್ಟು ಹೊತ್ತೂ ತಿಂಡಿ ಎಣ್ಣೆಯಲ್ಲೇ ನೆನೆಯುತ್ತದೆ. ಎಣ್ಣೆಯ ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಶಾಖಮಾಪಕ ಇಲ್ಲದಿದ್ದರೆ ಚಿಟಿಕೆ ಹಿಟ್ಟು ಹಾಕಿ ನೋಡಿ. ತಳಕ್ಕೆ ಹೋಗಿ ಕೂಡಲೇ ಗುಳ್ಳೆಯೆದ್ದು ಮೇಲೆ ಬಂದರೆ ಹದ. ತಳದಲ್ಲೇ ಕೂತರೆ ಇನ್ನೂ ಕಾಯಬೇಕು, ಹಾಕುತ್ತಲೇ ಕಪ್ಪಾದರೆ ಉರಿ ತಗ್ಗಿಸಬೇಕು.

ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ತಿಂಡಿ ಹೀರುವ ಎಣ್ಣೆಯ ದೊಡ್ಡ ಪಾಲು ಒಳಗೆ ಇಳಿಯುವುದು ಬಾಣಲೆಯಿಂದ ತೆಗೆದ ಮೇಲೆ. ಬಿಸಿ ಇರುವವರೆಗೆ ಒಳಗಿನ ಹಬೆ ಎಣ್ಣೆಯನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ತಣ್ಣಗಾಗುತ್ತಾ ಹಬೆ ನೀರಾದಾಗ ಒಳಗೆ ಒತ್ತಡ ಕುಗ್ಗಿ ಮೇಲೆ ಅಂಟಿಕೊಂಡಿದ್ದ ಎಣ್ಣೆ ಒಳಕ್ಕೆ ಸೆಳೆದುಕೊಳ್ಳುತ್ತದೆ. ಆದ್ದರಿಂದ ಬಾಣಲೆಯ ಮೇಲೆಯೇ ಜಾಲರಿ ಸೌಟನ್ನು ಕೆಲವು ಸೆಕೆಂಡು ಅಲುಗಾಡಿಸಿ ಸೋರಿಸಿ, ಬಿಸಿ ಬಿಸಿಯಿರುವಾಗಲೇ ಜಾಲರಿಯ ಮೇಲೋ ಕಾಗದದ ಮೇಲೋ ಒಂದೇ ಪದರವಾಗಿ ಹರಡಿ. ಬಟ್ಟಲಲ್ಲಿ ರಾಶಿ ಹಾಕಿದರೆ ಮೇಲಿನವುಗಳ ಎಣ್ಣೆಯನ್ನು ಕೆಳಗಿನವು ಕುಡಿಯುತ್ತವೆ, ಹಬೆಗೆ ಮೆತ್ತಗೂ ಆಗುತ್ತವೆ. ಉಳಿದ ಎಣ್ಣೆ ತಣಿದ ಮೇಲೆ ಸೋಸಿಟ್ಟು ಒಂದೆರಡು ಸಲ ಒಗ್ಗರಣೆಗೆ ಬಳಸಿ ಮುಗಿಸಿ. ಬಣ್ಣ ಕಪ್ಪಾಗಿ, ನೊರೆ ಬಂದು, ಬೆರಳಿಗೆ ಅಂಟತೊಡಗಿದರೆ, ಮೊದಲಿಗಿಂತ ಬೇಗ ಹೊಗೆಯೆದ್ದರೆ ಚೆಲ್ಲಬೇಕಾದದ್ದೇ. ಹಳೆಯದಕ್ಕೆ ಹೊಸ ಎಣ್ಣೆ ಸುರಿದು 'ಸರಿಮಾಡುವುದು' ಹೊಸದನ್ನೂ ಬೇಗ ಕೆಡಿಸುತ್ತದೆ.

ಉಪ್ಪಿನ ಮಿತಿ ದಿನಕ್ಕೆ 5 ಗ್ರಾಂ, ಒಂದು ಸಣ್ಣ ಚಮಚಕ್ಕಿಂತ ತುಸು ಕಡಿಮೆ. ಬಗೆ ಹೆಚ್ಚಿದಾಗ ಇದು ಸದ್ದಿಲ್ಲದೆ ಮೀರುತ್ತದೆ. ಎಲ್ಲಕ್ಕೂ ಹದವಾಗಿ ಉಪ್ಪು ಹಾಕದೆ ಒಂದೆರಡನ್ನು ಬೇಕೆಂದೇ ಸಪ್ಪೆ ಬಿಡಿ.

ಊಟದ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಾಯುವುದು ಜಾಣತನವೆಂದು ಬಹಳ ಜನ ತಿಳಿದಿದ್ದಾರೆ. ಆಗುವುದು ಬೇರೆ. ಒಂದು ಗಂಟೆಯ ಊಟ ಮೂರಕ್ಕೆ ಸರಿಯುತ್ತದೆ, ಹಸಿದವರು ವೇಗವಾಗಿ ತಿನ್ನುತ್ತಾರೆ, ಹೊಟ್ಟೆ ತುಂಬಿದ ಸಂದೇಶ ಮಿದುಳಿಗೆ ಮುಟ್ಟಲು ಹದಿನೈದರಿಂದ ಇಪ್ಪತ್ತು ನಿಮಿಷ ಬೇಕು, ಅಷ್ಟರಲ್ಲಿ ಎರಡನೇ ಸುತ್ತು ಮುಗಿದಿರುತ್ತದೆ. ಬೆಳಿಗ್ಗೆ ಎರಡು ಮೊಟ್ಟೆ ಇಲ್ಲವೇ ಒಂದು ಬಟ್ಟಲು ಬೇಯಿಸಿದ ಕಾಳು, ಜೊತೆಗೊಂದು ಹಣ್ಣು ತಿಂದಿರಿ. ಇದರಲ್ಲಿ 12ರಿಂದ 18 ಗ್ರಾಂ ಪ್ರೋಟೀನ್ ಸಿಗುತ್ತದೆ, ಮಧ್ಯಾಹ್ನ ತಟ್ಟೆಯ ಮುಂದೆ ಆತುರ ಇರುವುದಿಲ್ಲ. ಉಪವಾಸವಿದ್ದವರು ನೀರು ಮತ್ತು ಹಗುರವಾದ ಏನಾದರೂ ತೆಗೆದುಕೊಂಡು ಕಾಲು ಗಂಟೆ ಬಿಟ್ಟು ಊಟಕ್ಕೆ ಕೂರುವುದು ಒಳ್ಳೆಯದು.

ಮಧುಮೇಹಿಗಳಿಗೆ ಈ ವಿಳಂಬ ಬರೀ ಕಿರಿಕಿರಿಯ ವಿಷಯವಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ನುಂಗಿದವರು ಎಂದಿನ ಹೊತ್ತಿಗೆ ಉಣ್ಣದಿದ್ದರೆ ರಕ್ತದ ಸಕ್ಕರೆ ಕುಸಿಯಬಹುದು. ಕೈನಡುಕ, ಬೆವರು, ಎದೆ ಡವಡವ, ಕಾರಣವಿಲ್ಲದ ಸಿಡುಕು ಅದರ ಲಕ್ಷಣಗಳು. ರಕ್ತದ ಸಕ್ಕರೆ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗಿದ್ದರೆ ಮೂರು ನಾಲ್ಕು ಸಣ್ಣ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಸರಿಹೋದ ಮೇಲೆ ಊಟ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಸಿಹಿ ತಿನ್ನುವ ಸಲುವಾಗಿ ತಾವಾಗಿಯೇ ಒಂದು ಮಾತ್ರೆ ಹೆಚ್ಚು ನುಂಗುವವರಿದ್ದಾರೆ, ಇದು ಅಪಾಯದ ಆಟ. ಮನೆಯಲ್ಲಿ ಅಂಥವರಿದ್ದರೆ, ಚಿಕ್ಕ ಮಕ್ಕಳಿದ್ದರೆ ಅವರಿಗೆ ಅವರ ಹೊತ್ತಿಗೆ ಬಡಿಸಿಬಿಡಿ. ಎಲ್ಲರೂ ಒಟ್ಟಿಗೆ ಕೂರಬೇಕೆಂಬ ಹಟಕ್ಕಿಂತ ಅದು ಮುಖ್ಯ.

ಬಡಿಸುವ ಕ್ರಮಕ್ಕೂ ಅರ್ಥವಿದೆ. ತರಕಾರಿ ಮತ್ತು ಕಾಳು ಮೊದಲು, ಐದು ಹತ್ತು ನಿಮಿಷದ ಮೇಲೆ ಅನ್ನ ಅಥವಾ ರೊಟ್ಟಿ, ಸಿಹಿ ಊಟದ ಜೊತೆಗೆ ಇಲ್ಲವೇ ಕೊನೆಗೆ. ಅದೇ ಪದಾರ್ಥಗಳನ್ನು ಈ ಕ್ರಮದಲ್ಲಿ ತಿಂದಾಗ ಊಟದ ನಂತರ ರಕ್ತದ ಸಕ್ಕರೆ ಏರುವುದು ಕಡಿಮೆ. ಸೌಟು ಚಿಕ್ಕದಿರಲಿ, ಪಾತ್ರೆಗಳು ಊಟದ ಜಾಗದಿಂದ ನಾಲ್ಕು ಹೆಜ್ಜೆ ದೂರವಿರಲಿ. ಮತ್ತು ಬಡಿಸುವವರೇ, 'ಇನ್ನೊಂದು ಹಾಕಲಾ?' ಎಂದು ಪದಾರ್ಥ ಹಿಡಿದು ನಿಂತರೆ ಬೇಡವೆನ್ನಲು ಜನ ಸಂಕೋಚಪಡುತ್ತಾರೆ. 'ಏನು ಬೇಕು?' ಎಂದು ಬರಿಗೈಯಲ್ಲಿ ಕೇಳಿ. ಒಂದು ಸಲ ಕೇಳಿದರೆ ಸಾಕು. ಉಣ್ಣುವವರ ಕಡೆಯಿಂದ ಒಂದು ಯುಕ್ತಿ: ತಟ್ಟೆ ಪೂರ್ತಿ ಖಾಲಿ ಮಾಡಿ ಕೂರಬೇಡಿ. ಖಾಲಿ ತಟ್ಟೆ ಕಂಡರೆ ಸೌಟು ತಾನಾಗಿ ಬರುತ್ತದೆ. ಕೊನೆಯ ಎರಡು ತುತ್ತು ಇಟ್ಟುಕೊಂಡು ಮಾತಾಡುತ್ತಿರಿ, ಏಳುವಾಗ ಮುಗಿಸಿ.

ನೆಮ್ಮದಿಯ ವಿಷಯಕ್ಕೆ ಬಂದರೆ, ಹಬ್ಬದ ದಿನ ಮನೆಯಲ್ಲಿ ಅತ್ಯಂತ ಕೆಟ್ಟದಾಗಿ ಉಣ್ಣುವವರು ಅಡುಗೆ ಮಾಡಿದವರೇ. ರುಚಿ ನೋಡಿ ನೋಡಿ ಹಸಿವು ಸತ್ತಿರುತ್ತದೆ, ಕಾಫಿಯ ಮೇಲೆ ಕಾಫಿ ಇಳಿದಿರುತ್ತದೆ, ನಾಲ್ಕು ಗಂಟೆಗೆ ನಿಂತುಕೊಂಡೇ ಅಷ್ಟೋ ಇಷ್ಟೋ ಬಾಯಿಗೆ ಹಾಕಿಕೊಳ್ಳುತ್ತಾರೆ. ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದರೆ ಮರುದಿನ ಹಸಿವೂ ಕೋಪವೂ ಹೆಚ್ಚು. ರಾತ್ರಿ ಹನ್ನೊಂದಕ್ಕೆ ಕರಿಯುತ್ತ ನಿಲ್ಲುವ ಪದ್ಧತಿಯನ್ನು ಮೊದಲು ಬಿಡಬೇಕು.

ಯೋಜನೆ ಮಾಡುವಾಗ ಪದಾರ್ಥಗಳ ಪಟ್ಟಿ ಬರೆಯುವುದಕ್ಕಿಂತ ಒಲೆಯ ಪಟ್ಟಿ ಬರೆಯಿರಿ. ಕೈಗಳು ಎಷ್ಟಿದ್ದರೂ ಉರಿ ಇರುವುದು ಎರಡೋ ಮೂರೋ. ಊಟ ಒಂದು ಗಂಟೆಗೆ ಎಂದಾದರೆ ಹನ್ನೆರಡರಿಂದ ಒಂದರವರೆಗೆ ಒಲೆ ಬೇಕಾದ ಪದಾರ್ಥ ಯಾವುವು ಎಂದು ಗುರುತಿಸಿ. ಅಂಥವು ಮೂರಕ್ಕಿಂತ ಹೆಚ್ಚಿದ್ದರೆ ಒಂದನ್ನು ಕೈಬಿಡಿ ಅಥವಾ ಒಲೆ ಬೇಡದ ಪದಾರ್ಥಕ್ಕೆ ಬದಲಿಸಿ. ಪುಡಿ ಹುರಿದು ಬೀಸುವುದು, ಕೆಡದ ಸಿಹಿ ಮಾಡುವುದು ಎರಡು ದಿನ ಮೊದಲೇ ಆಗಲಿ. ಕಾಳು ನೆನೆಹಾಕುವುದು, ಗಟ್ಟಿ ತರಕಾರಿ ಹೆಚ್ಚಿ ಫ್ರಿಜ್‌ನಲ್ಲಿಡುವುದು ಹಿಂದಿನ ದಿನ. ಸೊಪ್ಪು ಹೆಚ್ಚುವುದು ಮಾತ್ರ ಆ ದಿನವೇ, ಮೊದಲೇ ಹೆಚ್ಚಿದರೆ ಬಾಡಿ ಕಪ್ಪಾಗುತ್ತದೆ. ಕೊನೆಯ ಗಂಟೆಗೆ ಅನ್ನ, ಒಗ್ಗರಣೆ, ಕರಿಯುವುದು ಇಷ್ಟೇ ಉಳಿಯಬೇಕು.

'ಏನಾದರೂ ಮಾಡಲಾ?' ಎಂದು ಬಾಗಿಲಲ್ಲಿ ನಿಂತು ಕೇಳುವುದು ಸಹಾಯವಾಗುವುದಿಲ್ಲ. ಏನು ಮಾಡಬೇಕೆಂದು ಯೋಚಿಸುವ ಹೊರೆ ಮತ್ತೆ ಅಡುಗೆಯವರ ಮೇಲೇ ಬೀಳುತ್ತದೆ. ಒಂದು ಇಡೀ ಕೆಲಸ ಒಬ್ಬರ ಪಾಲಿಗಿರಲಿ. ನೀರು, ಲೋಟ, ತಟ್ಟೆ ಒಬ್ಬರದು. ಉಳಿದ ಅಡುಗೆ ಎತ್ತಿಡುವುದು ಇನ್ನೊಬ್ಬರದು. ಪಾತ್ರೆ ತೊಳೆಯುವುದು ಮೂರನೆಯವರದು. ಅಡುಗೆ ಮಾಡಿದವರು ಹನ್ನೊಂದಕ್ಕೆ ಏನಾದರೂ ತಿಂದು, ಮೊದಲ ಪಂಕ್ತಿಯಲ್ಲೇ ಕೂರಬೇಕು. ಬಡಿಸಲು ಬೇರೆಯವರಿಗೂ ಕೈಗಳಿವೆ.

ಉಳಿದದ್ದರ ವಿಷಯ ಇನ್ನೂ ಗಂಭೀರ, ಏಕೆಂದರೆ ಹಬ್ಬದ ಮರುದಿನದ ಹೊಟ್ಟೆನೋವನ್ನೆಲ್ಲ 'ಜಾಸ್ತಿ ತಿಂದೆ' ಎಂಬ ಖಾತೆಗೆ ಬರೆದುಬಿಡುತ್ತೇವೆ. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಬೆಂದ ಅಡುಗೆ ಹೊರಗೆ ಎರಡು ಗಂಟೆ, 32 ಡಿಗ್ರಿ ಮೀರಿದ ಸೆಕೆಯಲ್ಲಿ ಒಂದೇ ಗಂಟೆ ಇರಬಹುದು. ಅನ್ನದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಕೂತಿದ್ದರೆ ಅವು ಮೊಳೆತು ವಿಷ ಉಂಟುಮಾಡುತ್ತವೆ, ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. 'ಚೆನ್ನಾಗಿ ಕಾಯಿಸಿದರೆ ಆಯ್ತು' ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ.

ದೊಡ್ಡ ಪಾತ್ರೆಯನ್ನು ಹಾಗೇ ಫ್ರಿಜ್‌ಗೆ ತಳ್ಳಿದರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅಗಲ ತಟ್ಟೆಗಳಿಗೆ ಐದು ಸೆಂಟಿಮೀಟರ್ ಆಳಕ್ಕಿಂತ ಹೆಚ್ಚಾಗದಂತೆ ಹರಡಿ, ಹಬೆ ಹೋದ ಮೇಲೆ ಮುಚ್ಚಿ ಒಳಗಿಡಿ. ಸಾರು, ಗೊಜ್ಜಿನಂಥವನ್ನು ಪಾತ್ರೆ ಸಮೇತ ತಣ್ಣೀರಿನಲ್ಲಿ ನಿಲ್ಲಿಸಿ ಕೈಯಾಡಿಸಿದರೆ ಬೇಗ ತಣಿಯುತ್ತದೆ. ಅನ್ನ ಮರುದಿನದೊಳಗೆ, ಉಳಿದವು ಮೂರು ನಾಲ್ಕು ದಿನದೊಳಗೆ ಮುಗಿಯಬೇಕು. ತಿನ್ನುವಷ್ಟನ್ನು ಮಾತ್ರ ಹೊರತೆಗೆದು ಎಲ್ಲ ಕಡೆ ಹಬೆಯಾಡುವಂತೆ ಒಂದೇ ಸಲ ಬಿಸಿ ಮಾಡಿ. ಅತಿಥಿಗಳಿಗೆ ಕಟ್ಟಿಕೊಡುವುದಿದ್ದರೆ ಬಡಿಸಲು ಶುರುಮಾಡುವ ಮೊದಲೇ ಡಬ್ಬಿಗೆ ತುಂಬಿ ತಣಿಸಿಡಿ. ನಾಲ್ಕು ಗಂಟೆ ಮೇಜಿನ ಮೇಲಿದ್ದದ್ದನ್ನು ಪ್ರೀತಿಯಿಂದ ಕಟ್ಟಿಕೊಟ್ಟರೂ ಅದು ಕೆಟ್ಟದ್ದೇ.

ಉಂಡಾದ ಮೇಲೆ ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆದರೆ ರಕ್ತದ ಸಕ್ಕರೆ ಅಷ್ಟು ಮೇಲಕ್ಕೇರುವುದಿಲ್ಲ. ಎರಡು ಮೂರು ಗಂಟೆ ಕಳೆಯುವವರೆಗೆ ಮಲಗಬೇಡಿ, ತಡೆಯಲಾಗದಿದ್ದರೆ ಒರಗು ಕುರ್ಚಿಯಲ್ಲಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಹೊಟ್ಟೆ ಬಿಗಿದಾಗ ಅಡುಗೆ ಸೋಡಾ ನೀರಿಗೆ ಹಾಕಿ ಕುಡಿಯುವ ಅಭ್ಯಾಸ ಒಳ್ಳೆಯದಲ್ಲ. ಒಂದು ಸಣ್ಣ ಚಮಚದಲ್ಲಿ 1,200 ಮಿಲಿಗ್ರಾಂಗೂ ಹೆಚ್ಚು ಸೋಡಿಯಂ ಇರುತ್ತದೆ, ದಿನದ ಮಿತಿಯ ಅರ್ಧಕ್ಕಿಂತ ಜಾಸ್ತಿ. ತುಂಬಿದ ಹೊಟ್ಟೆಯಲ್ಲಿ ಅದು ಒಮ್ಮೆಲೇ ಗ್ಯಾಸ್ ಬಿಡುಗಡೆ ಮಾಡಿ ಅಪರೂಪಕ್ಕೆ ಜಠರವೇ ಹರಿದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಎದೆ ಬಿಗಿತದ ಜೊತೆ ತಣ್ಣನೆ ಬೆವರು, ದವಡೆಗೋ ಎಡತೋಳಿಗೋ ಹರಿಯುವ ನೋವು, ಏದುಸಿರು ಇದ್ದರೆ 'ಗ್ಯಾಸ್' ಎಂದು ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಹೊಟ್ಟೆ ಬಿರಿಯುವಂತೆ ಉಂಡ ಮೇಲೆ ಹೃದಯಾಘಾತ ಕಾಣಿಸಿಕೊಳ್ಳುವುದುಂಟು.

ಮರುದಿನ ತೂಕದ ಯಂತ್ರ ಒಂದೂವರೆ ಕೆಜಿ ಹೆಚ್ಚು ತೋರಿಸಿದರೆ ಗಾಬರಿ ಬೇಡ. ಒಂದು ಕೆಜಿ ಕೊಬ್ಬು ಸೇರಬೇಕಾದರೆ ಅಗತ್ಯಕ್ಕಿಂತ ಸುಮಾರು 7,700 ಕ್ಯಾಲರಿ ಹೆಚ್ಚು ತಿನ್ನಬೇಕು, ಒಂದು ಊಟದಲ್ಲಿ ಅದು ಆಗದ ಮಾತು. ಯಂತ್ರ ತೋರುವುದು ಉಪ್ಪು ಹಿಡಿದಿಟ್ಟ ನೀರು, ದೇಹ ಕೂಡಿಟ್ಟ ಪಿಷ್ಟ ಮತ್ತು ಅದರ ಜೊತೆಗಿನ ನೀರು, ಕರುಳಲ್ಲಿರುವ ಆಹಾರ. ಮೂರು ನಾಲ್ಕು ದಿನದಲ್ಲಿ ಇಳಿಯುತ್ತದೆ. ಅದಕ್ಕಾಗಿ ಲಂಘನವೂ ಬೇಡ, ರಸ ಕುಡಿದು 'ವಿಷ ತೆಗೆಯುವುದೂ' ಬೇಡ. ಯಕೃತ್ತು, ಮೂತ್ರಪಿಂಡಗಳು ಆ ಕೆಲಸ ಮಾಡುತ್ತಲೇ ಇವೆ. ಮುಂದಿನ ಹೊತ್ತಿನ ಊಟ ಎಂದಿನಂತಿದ್ದರೆ ಸಾಕು. ನಿಜವಾದ ತೂಕ ಬೇರೆ ದಾರಿಯಲ್ಲಿ ಬರುತ್ತದೆ. ಅಮೆರಿಕದಲ್ಲಿ ನಡೆದು 2000ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಷಾಂತ್ಯದ ರಜೆಗಳ ಕೆಲವು ವಾರಗಳಲ್ಲಿ ಜನರ ತೂಕ ಸರಾಸರಿ ಹೆಚ್ಚಿದ್ದು 0.37 ಕೆಜಿ ಮಾತ್ರ, ಆದರೆ ಅದು ಆಮೇಲಿನ ತಿಂಗಳುಗಳಲ್ಲೂ ಇಳಿಯಲಿಲ್ಲ. ಹಬ್ಬ ಮುಗಿದು ವಾರವಾದರೂ ಡಬ್ಬಿಯಲ್ಲಿ ಸಿಹಿ ಕೂತಿದ್ದು ಕಾಫಿಗೊಂದು, ಟಿವಿ ನೋಡುತ್ತಾ ಒಂದು ಎಂದು ಖಾಲಿಯಾಗುವ ಮನೆಗಳಲ್ಲಿ ನಡೆಯುವುದು ಇದೇ. ಮೂರನೇ ದಿನಕ್ಕೆ ಮುಗಿಯುವಷ್ಟೇ ಮಾಡಿ. ಹೆಚ್ಚಾಗಿದ್ದರೆ ಎರಡನೇ ದಿನವೇ ಹಂಚಿಬಿಡಿ.

ಇಂತಿ,
ಆಹಾರ ಸಲಹೆ ಮತ್ತು ದೊಡ್ಡ ಅಡುಗೆಯ ಕೆಲಸದಲ್ಲಿರುವ ಓದುಗರು